ಚಂಪಕಸರಸ್ಸು: ಹೆಸರು, ಹೂವು, ಪಾಲನೆ

ಕೆಳದಿಯ ಅರಸರನ್ನು ಕುರಿತು ನಮ್ಮಲ್ಲಿ ಈವರೆಗೆ ನಡೆದಿರುವ ವಿಚಾರವು ಬಹುಮಟ್ಟಿಗೆ ಅವರ ವಂಶಾವಳಿ, ಯುದ್ಧ, ಕಂದಾಯದ ಏರ್ಪಾಡು, ಮಠ ದೇವಾಲಯಗಳು ಇವಿಷ್ಟರ ಮೇಲೆ ನೆಲೆಗೊಂಡಿರುವುದು. ಅವರು ತೆಗೆಸಿದ ಕೊಳಗಳನ್ನೂ ಅವುಗಳ ದಡದ ಹೂಮರಗಳನ್ನೂ ಕುರಿತು ಬರೆದವರು ವಿರಳ. ಬರೆದವರಾದರೂ ಕಟ್ಟಿಸಿದವರಾರು ಎಂಬಲ್ಲಿಗೆ ನಿಲ್ಲುವರಲ್ಲದೆ, ಕಟ್ಟಿಸಿದ ಮೇಲೆ ಅದನ್ನು ವರ್ಷವರ್ಷವೂ ಗುಡಿಸಿ, ಹೂಳೆತ್ತಿ, ಸಸಿಗಳಿಗೆ ನೀರೆರೆದು ಕಾಪಾಡಿದವರಾರು ಎಂಬ ಪ್ರಶ್ನೆಗೆ ಹೋಗುವುದು ಅಪೂರ್ವ. ಕೊಳವೂ ತೋಟವೂ ದೇವಾಲಯದಂತಲ್ಲ. ಕಲ್ಲಿನ ಗುಡಿಯನ್ನು ನೂರು ವರ್ಷ ಯಾರೂ ನೋಡದೆ ಬಿಟ್ಟರೂ ಅದು ಗುಡಿಯಾಗಿಯೇ ಉಳಿದೀತು. ತೋಟವನ್ನು ಮೂರು ಮಳೆಗಾಲ ಬಿಟ್ಟರೆ ಮಲೆನಾಡಿನಲ್ಲಿ ಅದು ಕಾಡಾಗುವುದು. ಆದುದರಿಂದ ತೋಟದ ಚರಿತ್ರೆಯೆಂದರೆ ಅದರ ಪಾಲನೆಯ ಚರಿತ್ರೆಯೇ ಸರಿ. ಈ ಮಾತನ್ನು ಸಾಗರ ತಾಲ್ಲೂಕಿನ ಆನಂದಪುರದ ಬಳಿ ಮಲಂದೂರಿನಲ್ಲಿರುವ ಚಂಪಕಸರಸ್ಸೆಂಬ ಕೊಳವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕೊಳವು ಜಂಬಿಟ್ಟಿಗೆಯಿಂದ ಕಟ್ಟಿದ ಚೌಕವಾದ ಪುಷ್ಕರಿಣಿ. ಸುತ್ತಲೂ ಮೆಟ್ಟಿಲುಗಳಿವೆ, ನೀರಿನ ನಡುವೆ ಒಂದು ಚಿಕ್ಕ ಗುಡಿ, ಅದನ್ನು ಸೇರಲು ಕಲ್ಲಿನ ಕಾಲುಸೇತುವೆ, ಸಮೀಪದಲ್ಲಿ ಮಹಂತಿನ ಮಠ. ಕೊಳ ಮಠಗಳೆರಡನ್ನೂ ಜನರು ಕೆಳದಿಯ ಹಿರಿಯ ವೆಂಕಟಪ್ಪನಾಯಕನ ಹೆಸರಿನೊಡನೆ ಸೇರಿಸಿ ಹೇಳುತ್ತಾರೆ. 1629ರಲ್ಲಿ ತೀರಿಕೊಂಡ ಈ ಅರಸನು ಇಕ್ಕೇರಿಯಿಂದ ರಾಜ್ಯವಾಳಿದವರಲ್ಲಿ ಪ್ರಬಲನಾದವನು. ಕೆಳದಿಗೂ ಇಕ್ಕೇರಿಗೂ ನಡುವೆ ತನ್ನ ಅಜ್ಜನಾದ ಸದಾಶಿವನಾಯಕನ ಹೆಸರಿನಲ್ಲಿ ಸದಾಶಿವಸಾಗರವೆಂಬ ಕೆರೆಯನ್ನು ತೆಗೆಸಿದವನು ಇವನೇ ಎಂದೂ, ಇಂದಿನ ಸಾಗರ ಪಟ್ಟಣದ ಹೆಸರು ಆ ಕೆರೆಯಿಂದ ಬಂದುದೆಂದೂ ಪ್ರಸಿದ್ಧಿಯಿದೆ. ಚಂಪಕಸರಸ್ಸೆಂಬ ಮಠವನ್ನು ಕಟ್ಟಿಸಿ ಊರಿಗೆ ಆನಂದಪುರವೆಂದು ಹೆಸರಿಟ್ಟವನೂ ಇವನೇ ಎಂಬ ಹೇಳಿಕೆಯು ಹಳೆಯ ಮೈಸೂರು ಗೆಜೆಟಿಯರಿನಲ್ಲಿ ಸೇರಿರುವುದು.

ಕೊಳದ ಹೆಸರಿಗೆ ಜನರು ಕೊಡುವ ಕಾರಣವು ಬೇರೊಂದು. ಅರಸನು ಈ ಕಡೆಗೆ ಬಂದಾಗ ಮುಂಜಾನೆ ಅಂಗಳದಲ್ಲಿ ಬಿಡಿಸಿದ್ದ ರಂಗವಲ್ಲಿಯ ಚೆಲುವನ್ನು ಕಂಡು ಬೆರಗಾದನಂತೆ. ಬಿಡಿಸಿದವಳು ಚಂಪಕೆಯೆಂಬ ಹುಡುಗಿ. ಅರಸುಮನೆತನಕ್ಕಾಗಲಿ ಅದರ ಕುಲಕ್ಕಾಗಲಿ ಸೇರಿದವಳಲ್ಲ. ಅರಸನು ಅವಳನ್ನು ಒಲಿದು ಇಲ್ಲಿ ಇರಿಸಿದನು. ಪಟ್ಟದ ರಾಣಿ ಭದ್ರಮ್ಮನು ಕೊರಗಿ ಕೊರಗಿ ಸತ್ತಳು. ಜನರ ಅಪವಾದವನ್ನು ತಾಳಲಾರದೆ ಚಂಪಕೆಯು ಹಾಲಿನಲ್ಲಿ ವಜ್ರದ ಪುಡಿಯನ್ನು ಬೆರೆಸಿ ಕುಡಿದು ಪ್ರಾಣವನ್ನು ಬಿಟ್ಟಳು. ಅವಳ ನೆನಪಿಗಾಗಿ ಅರಸನು ಕೊಳವನ್ನು ಕಟ್ಟಿಸಿದನು. ಇದು ಐತಿಹ್ಯದ ಸಾರ. ಹೇಳುವವರು ಹೇಳುವಾಗ ಅಲ್ಲಲ್ಲಿ ವ್ಯತ್ಯಾಸಗಳುಂಟು; ರಂಗವಲ್ಲಿ ಮತ್ತು ಕೊಳ ಇವೆರಡು ಮಾತ್ರ ಎಲ್ಲದರಲ್ಲಿಯೂ ಇರುತ್ತವೆ.

ಇಂಥ ಕಥೆಗಳನ್ನು ನಮ್ಮ ಪಂಡಿತರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಲು ಬಾರದಂತೆ ಒಂದು ಸಮಕಾಲೀನ ಸಾಕ್ಷ್ಯವು ಅಡ್ಡ ನಿಂತಿದೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ಗೋವೆಯಿಂದ ಪೋರ್ಚುಗೀಸರ ರಾಯಭಾರಿಯ ಸಂಗಡ ಹೊರಟು 1623ರ ನವೆಂಬರು ತಿಂಗಳಲ್ಲಿ ಇಕ್ಕೇರಿಗೆ ಬಂದನು. ತನ್ನ ದೇಶಕ್ಕೆ ಬರೆದ ಪತ್ರಗಳಲ್ಲಿ ಆತನು ವೆಂಕಟಪ್ಪನಾಯಕನ ಮನೆವಾರ್ತೆಯನ್ನೂ ಹೇಳಿರುತ್ತಾನೆ. ಲಿಂಗವಂತಳಾದ ಭದ್ರಮ್ಮನೆಂಬ ರಾಣಿಯು ಅರಸನೊಡನೆ ಬಹುಕಾಲ ಸಂಸಾರ ಮಾಡಿದ ಮೇಲೆ, ಆತನು ಆಸ್ಥಾನಕ್ಕೆ ಬಹುದೂರವಲ್ಲದ ಒಂದು ಕೋಟೆಯಲ್ಲಿ ಮುಸಲ್ಮಾನ ಸ್ತ್ರೀಯೊಬ್ಬಳನ್ನು ಗುಟ್ಟಾಗಿ ಇರಿಸಿ ಅವಳೊಡನೆ ಉಣ್ಣುತ್ತಿದ್ದುದು ಅವಳಿಗೆ ತಿಳಿಯಿತು. ಅಂದಿನಿಂದ ತಾನು ಆತನಿಗೆ ಮಡದಿಯಲ್ಲ, ಮಗಳ ಸಮಾನಳೆಂದು ನಿಶ್ಚಯಿಸಿ ರಾಣಿಯು ದೂರವಾದಳು. ಯಾರು ಎಷ್ಟು ಸಮಾಧಾನ ಹೇಳಿದರೂ ಆ ನಿಶ್ಚಯವನ್ನು ಬಿಡಲಿಲ್ಲ. ಪ್ರವಾಸಿಯು ಆ ಸ್ತ್ರೀಯ ಹೆಸರನ್ನಾಗಲಿ, ಕೋಟೆಯ ಹೆಸರನ್ನಾಗಲಿ ಹೇಳಿಲ್ಲ. ಕೊಳದ ಸುದ್ದಿಯನ್ನೇ ಎತ್ತಿಲ್ಲ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಂಡುಬರುವುದೇನು? ರಾಣಿಯ ಹೆಸರು, ಅವಳ ನೋವು, ಅರಸನು ಕುಲದ ಹೊರಗಿನ ಸ್ತ್ರೀಯೊಬ್ಬಳನ್ನು ರಾಜಧಾನಿಯ ಹೊರಗೆ ಇರಿಸಿದ್ದು, ಇವಿಷ್ಟು ಎರಡರಲ್ಲಿಯೂ ಒಂದೇ. ಆದುದರಿಂದ ಐತಿಹ್ಯದ ಒಳತಿರುಳು ಕಟ್ಟುಕಥೆಯಲ್ಲ. ನಿಜವಾದ ಮನೆಯೊಳಗಿನ ವೈಮನಸ್ಯವೊಂದನ್ನು ಜನರು ಮುನ್ನೂರೈವತ್ತು ವರ್ಷಕ್ಕೂ ಮೀರಿ ನೆನಪಿಟ್ಟಿರುವರು. ಆದರೆ ಚಂಪಕೆಯೆಂಬ ಹೆಸರು, ರಂಗವಲ್ಲಿ, ವಜ್ರದ ಪುಡಿ, ಕೊಳ, ಇವು ಐತಿಹ್ಯದಲ್ಲಿ ಮಾತ್ರ ಇವೆ. ನಡೆದ ಸಂಗತಿಯೊಂದು, ಕಣ್ಣ ಮುಂದಿದ್ದ ಕೊಳವೊಂದು. ಎರಡನ್ನೂ ಬೆಸೆದುದು ಕೊಳದ ಹೆಸರು. ಹಾಗಾದರೆ ಆ ಹೆಸರು ಮೊದಲು ಎಲ್ಲಿಂದ ಬಂತೆಂಬುದು ವಿಚಾರಣೀಯ.

ಚಂಪಕವೆಂದರೆ ಸಂಪಿಗೆ. ಆ ಮರದಿಂದ ಊರಿಗೂ ದೇವರಿಗೂ ಹೆಸರು ಬರುವುದು ಕನ್ನಡನಾಡಿನಲ್ಲಿ ಹೊಸದಲ್ಲ. ತುಮಕೂರು ಸೀಮೆಯ ಸಂಪಿಗೆಯೆಂಬ ಗ್ರಾಮವನ್ನು ಸುಧನ್ವನ ಕಥೆಯ ಚಂಪಕಾಪುರವೆಂದು ಅಲ್ಲಿಯವರು ನಂಬಿರುವರು. ಬನ್ನೇರುಘಟ್ಟದ ದೇವರು ಚಂಪಕಧಾಮಸ್ವಾಮಿ. ಮಹಾತ್ಮರಾದ ಜಂಗಮರಿಗಾಗಿ ಕಟ್ಟಿಸಿದ ಮಠವೊಂದು ಅರಸನ ಉಪಪತ್ನಿಯ ಹೆಸರನ್ನು ಹೊತ್ತುಕೊಂಡಿತೆಂದು ಒಪ್ಪುವುದಕ್ಕಿಂತ, ದಡದ ಸಂಪಿಗೆಯ ಮರಗಳಿಂದ ಕೊಳಕ್ಕೂ ಕೊಳದಿಂದ ಮಠಕ್ಕೂ ಹೆಸರು ಬಂತೆಂದು ಒಪ್ಪುವುದು ಸುಲಭ. ಇದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಒಂದುಂಟು. ಅಜ್ಜನ ಹೆಸರಿನಲ್ಲಿ ಸಾಗರವನ್ನು ತೆಗೆಸಿದ ಅರಸನು ಪ್ರಿಯೆಯ ಹೆಸರಿನಲ್ಲಿ ಸರಸ್ಸನ್ನು ತೆಗೆಸಲಾರನೆ? ತೆಗೆಸಿಯಾನು. ಆದರೂ ಸದಾಶಿವನೆಂಬುದು ವ್ಯಕ್ತಿಯ ಹೆಸರಲ್ಲದೆ ಬೇರೊಂದಾಗಿ ಆ ಕೆರೆಗೆ ಅನ್ವಯಿಸದು. ಚಂಪಕವಾದರೋ ಮೊದಲು ಮರದ ಹೆಸರು, ಆಮೇಲೆ ಹೆಣ್ಣಿನ ಹೆಸರು. ನನ್ನ ಅಭಿಪ್ರಾಯದಲ್ಲಿ ಮರವೇ ಮುಂಚಿನದು. ಹೂವಿನ ಹೆಸರಿನ ಕೊಳವನ್ನು ಕಂಡ ಜನರು, ಹೆಸರಿಲ್ಲದೆ ಉಳಿದಿದ್ದ ಆ ಸ್ತ್ರೀಗೆ ಅದನ್ನು ಕೊಟ್ಟರು. ಅವಳ ಹೆಸರನ್ನು ಪರದೇಶದ ಪ್ರವಾಸಿಯೂ ಬರೆಯದೆ ಹೋದಾಗ, ಜನರು ಕೊಟ್ಟ ಈ ಹೆಸರು ಅವಳಿಗೆ ಅನ್ಯಾಯವಲ್ಲ.

ಕಾವ್ಯವನ್ನು ಪಾಠ ಹೇಳುವವರು ಇಲ್ಲಿ ಒಂದು ಸೊಗಸನ್ನು ಗಮನಿಸಬಹುದು. ದೋಹದದ ಕವಿಸಮಯದಲ್ಲಿ ಅಶೋಕವು ಹೆಣ್ಣಿನ ಕಾಲ ಒದೆತದಿಂದ ಹೂಬಿಡುವಂತೆ ಚಂಪಕವು ಹೆಣ್ಣಿನ ಮೆಲುನಗೆಯಿಂದ ಹೂಬಿಡುವುದು. ಅದೇ ಚಂಪಕದ ಬಳಿಗೆ ದುಂಬಿಯು ಸುಳಿಯದೆಂಬುದು ಮತ್ತೊಂದು ಕವಿಸಮಯ. ಈ ಎರಡನೆಯದಕ್ಕೆ ಕವಿಗಳ ಕಲ್ಪನೆಯನ್ನು ಮಾತ್ರ ಕಾರಣವೆನ್ನಲಾಗದು. ಸಂಪಿಗೆಯ ಬಳಗದ ಹೂಗಳಲ್ಲಿ ಪರಾಗವನ್ನು ಸಾಗಿಸುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಜೇನುದುಂಬಿಗಳಲ್ಲ, ಜೀರುಂಡೆಗಳೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಚಂಪಕಮಾಲೆಯ ಲಕ್ಷಣವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಚಂಪಕದ ಮರವನ್ನೂ ಒಮ್ಮೆ ತೋರಿಸುವುದು ಮೇಲು.

ಹಿಮಾಲಯದ ತಪ್ಪಲಿನವರಿಗೆ ವಸಂತವೆಂದರೆ ರೋಡೊಡೆಂಡ್ರನ್ ಮರಗಳ ಕೆಂಪು. ಆ ಬಳಗದ ಮರವೊಂದು ನೀಲಗಿರಿಯ ಎತ್ತರದಲ್ಲಿಯೂ ಉಂಟು. ಪಾಶ್ಚಾತ್ಯ ದೇಶಗಳಲ್ಲಿ ಆ ಹೂವೊಂದಕ್ಕಾಗಿಯೇ ಸಾರ್ವಜನಿಕ ತೋಟಗಳನ್ನು ಮಾಡಿ, ಊರವರೇ ಬಿಡುವಿನ ವೇಳೆಯಲ್ಲಿ ಕೂಡಿ ಕಳೆ ಕಿತ್ತು ನೋಡಿಕೊಳ್ಳುವ ವಾಡಿಕೆಯಿದೆ. ಕೆಳದಿಯ ಸೀಮೆಗೆ ವಸಂತವು ಬರುವ ದಾರಿ ಬೇರೆ. ಶಿವರಾತ್ರಿಯ ಹೊತ್ತಿಗೆ ಸುರಗಿ ಅರಳುವುದು. ಒಣಗಿದ ಮೇಲೂ ವಾಸನೆಯನ್ನು ಬಿಡದಿರುವುದು ಅದರ ಗುಣ. ಬಯಲಂಚಿನಲ್ಲಿ ಮುತ್ತುಗವು ಎಲೆಯುದುರಿಸಿ ಕೆಂಪಾಗುವುದು. ನಾಗಸಂಪಿಗೆ, ಅಶೋಕ, ಆಮೇಲೆ ರಂಜ. ಯುಗಾದಿಯನ್ನು ದಾಟಿ ಮೊದಲ ಮಳೆಯವರೆಗೂ ಸಂಪಿಗೆ. ಮುಂಗಾರು ಕಾಲಿಡುವ ಹೊತ್ತಿಗೆ ಮರದ ಕೊಂಬೆಗಳಲ್ಲಿ ಸೀತಾಳೆದಂಡೆ ತೂಗುವುದು. ಕಾವ್ಯಗಳ ವಸಂತವರ್ಣನೆಯಲ್ಲಿ ಇವುಗಳೊಳಗೆ ಕೆಲವು ಬರುತ್ತವೆ, ಕೆಲವು ಬಾರವು; ಅಷ್ಟಾದಶವರ್ಣನೆಗಳ ಪಟ್ಟಿಯನ್ನು ತುಂಬುವ ಕವಿಯು ತನ್ನ ಹಿತ್ತಿಲನ್ನು ನೋಡಿ ಬರೆದನೋ ಹಿಂದಿನ ಕಾವ್ಯವನ್ನು ನೋಡಿ ಬರೆದನೋ ಹೇಳುವುದು ಕಷ್ಟ. ಲಿಂಗಣ್ಣ ಕವಿಯ ಕೆಳದಿನೃಪವಿಜಯವು ಚರಿತ್ರೆಗೆ ಆಕರವಾದರೂ ಚಂಪುವೇ ಆದುದರಿಂದ ಈ ಎಚ್ಚರಿಕೆಯು ಅದಕ್ಕೂ ಸಲ್ಲುವುದು.

ಆ ಕಾರಣದಿಂದಲೇ ಪರದೇಶಿಯ ಕಣ್ಣು ಇಲ್ಲಿ ಬೆಲೆಯುಳ್ಳದ್ದು. ದೆಲ್ಲಾ ವಾಲ್ಲೆಯು ಇಕ್ಕೇರಿಯ ಮನೆಗಳನ್ನು ಮೆಚ್ಚಲಿಲ್ಲ. ಅವು ವಿರಳವಾಗಿಯೂ ಸಾಧಾರಣವಾಗಿಯೂ ಇದ್ದವೆಂದು ಬರೆದಿರುತ್ತಾನೆ. ಆದರೆ ಊರಿನ ಹೊರ ಆವರಣಗಳೆರಡು ಗೋಡೆಗಳಲ್ಲ, ಒತ್ತಾಗಿ ನೆಟ್ಟು ಬೆಳೆಸಿದ ಬಿದಿರ ಮೆಳೆಗಳೆಂದೂ, ಅವುಗಳ ಮೇಲೆ ಬಳ್ಳಿಗಳು ಹಬ್ಬಿ ಹಸುರೂ ನೆಳಲೂ ತುಂಬಿದ್ದುವೆಂದೂ ಹೇಳುತ್ತಾನೆ. ಉದ್ದವಾದ ಬೀದಿಗಳು, ಅವುಗಳಿಗೆ ನೆಳಲಾಗಿ ಎತ್ತರವಾದ ಮರಗಳು, ಅನೇಕ ದೊಡ್ಡ ಕೊಳಗಳು, ತೋಪಿನಂತೆ ಮರ ತುಂಬಿದ ಹೊಲಗಳು. ಪಟ್ಟಣವೂ ಕೆರೆಯೂ ಹೊಲವೂ ಕಾಡೂ ಒಂದರೊಳಗೊಂದು ಬೆರೆತಂತೆ ಆತನಿಗೆ ತೋರಿ ಬಹು ರಮ್ಯವೆನಿಸಿತು. ಕಲ್ಲಿನ ಗೋಡೆಯನ್ನು ಒಮ್ಮೆ ಕಟ್ಟಿದರೆ ಆಯಿತು; ಬಿದಿರ ಗೋಡೆಯನ್ನು ಪ್ರತಿವರ್ಷವೂ ಸವರಿ, ಒಣಗಿದುದನ್ನು ತೆಗೆದು, ತೆರವಾದಲ್ಲಿ ಮತ್ತೆ ನೆಡಬೇಕು. ಇಕ್ಕೇರಿಯೆಂಬ ರಾಜಧಾನಿಯೇ ಹೀಗೆ ಎಡೆಬಿಡದ ತೋಟಗಾರಿಕೆಯಿಂದ ನಿಂತಿತ್ತೆಂಬುದನ್ನು ನಾವು ಮರೆಯಬಾರದು. ರಾಜಧಾನಿಯು 1639ರ ಸುಮಾರಿನಲ್ಲಿ ಬಿದನೂರಿಗೆ ಹೋದ ಮೇಲೂ ಈ ರುಚಿಯು ಹೋಗಲಿಲ್ಲ. ಹೊಸನಗರ ತಾಲ್ಲೂಕಿನ ನಗರದ ಹತ್ತಿರ ದೇವಗಂಗೆಯ ಕೊಳಗಳಲ್ಲಿ ಒರತೆಯ ನೀರು ಒಂದರಿಂದೊಂದಕ್ಕೆ ಹರಿಯುವ ಏರ್ಪಾಡನ್ನು ಕಂಡವರು ಇದನ್ನು ಬಲ್ಲರು.

ತೋಟಗಾರಿಕೆಯ ಶಾಸ್ತ್ರಕ್ಕಂತೂ ಕೊರತೆಯಿರಲಿಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದದ ಭಾಗವಿದೆ. ಕೆಳದಿಯ ಬಸವಪ್ಪನಾಯಕನು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವು 9 ಕಲ್ಲೋಲ 108 ತರಂಗಗಳ ವಿಶ್ವಕೋಶ. ಮರಗಿಡಗಳ ಪೋಷಣೆಯ ವಿಚಾರವು ಅದರಲ್ಲಿಯೂ ಸೇರಿದೆ. ಆದರೆ ಗೊಬ್ಬರ ಹಾಕುವ ಕ್ರಮವನ್ನು ಹೇಳುವ ಶಾಸ್ತ್ರವು ಗೊಬ್ಬರ ಹೊತ್ತವನ ಸಂಗತಿಯನ್ನು ಹೇಳುವುದಿಲ್ಲ.

ಆ ಸಂಗತಿಯನ್ನು ಎಲ್ಲಿ ಹುಡುಕಬೇಕು? ಸಹಜವಾಗಿ ಲೆಕ್ಕದ ಪುಸ್ತಕಗಳಲ್ಲಿ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತು ನಮ್ಮ ದೇಶದ ಕಂದಾಯದ ಚರಿತ್ರೆಯಲ್ಲಿ ಹೆಸರಾದುದು. ಗದ್ದೆಗೆ ಬಿತ್ತನೆಯ ಪ್ರಮಾಣದಿಂದಲೂ ಅಡಕೆಯ ತೋಟಕ್ಕೆ ಮರಗಳ ಎಣಿಕೆಯಿಂದಲೂ ತೆರಿಗೆಯನ್ನು ನಿಗದಿ ಮಾಡಿದುದರಿಂದ, ಮಲೆನಾಡಿನ ಅಡಕೆಯ ಮರವು ಎಣಿಕೆಗೆ ಸಿಕ್ಕಿತು. 1801ರ ವಸಂತದಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನನೂ ಅಡಕೆಯ ತೋಟದ ಅಗತೆ, ಸೊಪ್ಪು, ಗೊಬ್ಬರ, ಆಳುಗಳ ವಿಷಯವನ್ನು ಪುಟಗಟ್ಟಲೆ ಬರೆದಿರುತ್ತಾನೆ. ಸಂಪಿಗೆಯ ಮರಕ್ಕೆ ತೆರಿಗೆಯಿಲ್ಲ. ತೆರಿಗೆಯಿಲ್ಲದುದರಿಂದ ಲೆಕ್ಕವಿಲ್ಲ, ಲೆಕ್ಕವಿಲ್ಲದುದರಿಂದ ಚರಿತ್ರೆಯಿಲ್ಲ. ಹೂದೋಟದ ವಿಷಯದಲ್ಲಿ ನಮ್ಮ ಆಕರಗಳು ಮೌನವಾಗಿರುವುದಕ್ಕೆ ಇದೇ ಮುಖ್ಯವಾದ ಕಾರಣವೆಂದು ನನಗೆ ತೋರುತ್ತದೆ. ಆ ಮೌನದಿಂದ ಹೂದೋಟವೇ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪು.

ಇತ್ತೆಂದು ಹೇಳಲು ಬೇರೊಂದು ದಾರಿಯಿದೆ. ಮಹತ್ತಿನ ಮಠವೆಂದರೆ ಜಂಗಮರು ತಂಗುವ, ಪ್ರಸಾದ ನಡೆಯುವ ಸ್ಥಳ. ದೇವಾಲಯದಲ್ಲಿ ಲಿಂಗವೊಂದು, ಪೂಜೆಯೊಂದು. ಮಠದಲ್ಲಿಯಾದರೋ ಬಂದವರ ಕೈಯಲ್ಲೆಲ್ಲ ಇಷ್ಟಲಿಂಗ, ಪ್ರತಿಯೊಂದಕ್ಕೂ ದಿನವೂ ಹೂವು ಪತ್ರೆ. ಇಷ್ಟು ಹೂವನ್ನು ಪೇಟೆಯಿಂದ ತರುವ ಮಾತಿಲ್ಲ. ಹಳೆಯ ಶಾಸನಗಳಲ್ಲಿ ದೇವರಿಗೆ ಪೂದೋಂಟವನ್ನು ಬಿಟ್ಟ ದತ್ತಿಗಳು ಮೇಲಿಂದ ಮೇಲೆ ಬರುವುದು ಈ ಅಗತ್ಯದಿಂದಲೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೂಗಾರ ಮಾದಯ್ಯನೆಂಬವನು ಇದ್ದುದನ್ನೂ, ಹೂಗಾರರು ಗುರವರು ಮೊದಲಾದವರ ಮನೆತನಗಳು ಹೂವು ಪತ್ರೆಗಳನ್ನು ಒದಗಿಸುವುದನ್ನೇ ಕಾಯಕವಾಗಿ ನಡೆಸಿಕೊಂಡು ಬಂದುದನ್ನೂ ಇಲ್ಲಿ ನೆನೆಯಬೇಕು. ಮಠಕ್ಕೆ ಹೂವು ಬೇಕು, ಹೂಮರಕ್ಕೆ ನೀರು ಬೇಕು, ನೀರಿಗೆ ಕೊಳ ಬೇಕು. ಚಂಪಕಸರಸ್ಸಿನ ದಡದಲ್ಲಿ ಚಂಪಕವಿತ್ತೆಂಬುದಕ್ಕೆ ಹೆಸರಿನ ಸಾಕ್ಷ್ಯದೊಡನೆ ಈ ಪ್ರಯೋಜನದ ಸಾಕ್ಷ್ಯವೂ ಕೂಡುವುದು.

ಇನ್ನು ದುಡಿಮೆಯ ಮಾತು. ಕೆರೆಗಳ ವಿಷಯದಲ್ಲಿ ಶಾಸನಗಳು ತೋಟಕ್ಕಿಂತ ಉದಾರವಾಗಿವೆ. ಕೆರೆಯನ್ನು ಕಾಪಾಡುವುದಕ್ಕಾಗಿ ಬಿಟ್ಟ ಬಿತ್ತುವಟ್ಟ, ಕೆರೆ ಕಟ್ಟಿದವನಿಗೆ ಸಲ್ಲುವ ದಸವಂದ, ಕಟ್ಟುಕೊಡಗೆ, ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದು ಕೊಟ್ಟ ಭೂಮಿ, ಇವೆಲ್ಲ ಕೂಲಿಯನ್ನೂ ಪ್ರತಿಫಲವನ್ನೂ ಗೊತ್ತುಮಾಡಿದ ಏರ್ಪಾಡುಗಳು. ಇದರ ಪಕ್ಕದಲ್ಲಿಯೇ ಮತ್ತೊಂದು ಮಾತಿದೆ: ಬಿಟ್ಟಿ. ಸಂಸ್ಕೃತದ ವಿಷ್ಟಿಯಿಂದ ಬಂದ ಈ ಮಾತು ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆಯನ್ನು ಹೇಳುತ್ತದೆ. ಇಂದು ಹಳೆಯ ಕೊಳಗಳ ವಿಷಯ ಬಂದಾಗ, ಹಿಂದೆ ಊರವರೆಲ್ಲ ಸಂತೋಷದಿಂದ ಕೂಡಿ ಹೂಳೆತ್ತುತ್ತಿದ್ದರೆಂದು ಬರೆಯುವುದು ರೂಢಿಯಾಗಿದೆ. ಈ ಚಿತ್ರವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಅರಸನ ಕೊಳದ ಹೂಳನ್ನು ಹೊತ್ತವರಲ್ಲಿ ಎಷ್ಟು ಮಂದಿ ಮನಸ್ಸಿನಿಂದ ಬಂದವರು, ಎಷ್ಟು ಮಂದಿ ಕರೆಗೆ ಹೆದರಿ ಬಂದವರು? ಇದೇ ಸಾಗರ ಸೀಮೆಯ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಒಡೆಯರೆದುರು ಸತ್ಯಾಗ್ರಹ ಹೂಡಿದಾಗ, ಅಳತೆಯ ಕೊಳಗದ ಜಗಳದೊಡನೆ ಬಿಟ್ಟಿಯ ಬೇಗೆಯೂ ಅದರ ಹಿಂದೆ ಇತ್ತು. ಅಷ್ಟು ಈಚಿನವರೆಗೂ ಬದುಕಿದ್ದ ಪದ್ಧತಿಯು ವೆಂಕಟಪ್ಪನಾಯಕನ ಕಾಲದಲ್ಲಿ ಇರಲಿಲ್ಲವೆನ್ನುವುದು ಹೇಗೆ?

ಹಾಗೆಂದು ಎಲ್ಲವೂ ಬಿಟ್ಟಿಯೇ ಎನ್ನುವುದೂ ಸರಿಯಲ್ಲ. ಮಲೆನಾಡಿನಲ್ಲಿ ಮುಯ್ಯಾಳೆಂಬ ಕ್ರಮವುಂಟು. ಇಂದು ನಿಮ್ಮ ಮನೆಯ ಕೆಲಸಕ್ಕೆ ನಮ್ಮವರು, ನಾಳೆ ನಮ್ಮ ಮನೆಯ ಕೆಲಸಕ್ಕೆ ನಿಮ್ಮವರು. ಹಣವೂ ಇಲ್ಲ, ಒತ್ತಾಯವೂ ಇಲ್ಲ, ಆದರೆ ಮುಯ್ಯಿ ತೀರಿಸದವನಿಗೆ ಮರುವರ್ಷ ಆಳಿಲ್ಲ. ಮಠದ ಕೆಲಸವನ್ನು ಭಕ್ತರು ಸೇವೆಯೆಂದೂ ಕಾಯಕವೆಂದೂ ಮಾಡುವುದು ಮೂರನೆಯ ಬಗೆ. ದತ್ತಿಯ ಕೂಲಿ, ಅರಸನ ಬಿಟ್ಟಿ, ಊರಿನ ಮುಯ್ಯಿ, ಭಕ್ತನ ಸೇವೆ ಇವು ಒಂದೇ ಕೊಳದ ದಡದಲ್ಲಿ ಒಂದೇ ದಿನ ಬೆರೆತಿದ್ದಿರಬಹುದು. ಅವುಗಳನ್ನು ಬೇರೆ ಬೇರೆಯಾಗಿ ಕಾಣುವುದು ಚರಿತ್ರಕಾರನ ಹೊಣೆ. ಎಲ್ಲವನ್ನೂ ಶ್ರಮದಾನವೆಂದು ಕರೆದುಬಿಟ್ಟರೆ ಆ ಹೊಣೆಯು ತೀರದು. ಶ್ರಮದಾನವೆಂಬ ಮಾತಾದರೂ ಹಳೆಯದಲ್ಲ. 1951ರಲ್ಲಿ ವಿನೋಬಾ ಭಾವೆಯವರ ಭೂದಾನ ಚಳವಳಿಯು ಮೊದಲಾದ ಮೇಲೆ ಹಳ್ಳಿಹಳ್ಳಿಗೂ ಹಬ್ಬಿದುದು. ಸ್ವಯಂಸೇವಕನೆಂಬ ಮಾತು ಅದಕ್ಕೆ ಮುಂಚೆಯೇ ಕನ್ನಡಿಗರ ಕಿವಿಗೆ ಬಿದ್ದಿತ್ತು. 1923ರಲ್ಲಿ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಸೇವಾದಳವನ್ನು ಕಟ್ಟಿದರು; ಮರುವರ್ಷ ಬೆಳಗಾವಿಯ ಕಾಂಗ್ರೆಸ್ಸು ನಡೆಯಿತು. ಆ ದಿನಗಳಲ್ಲಿ ಆ ಮಾತು ಬಹು ಮಂದಿಗೆ ಪರಿಚಿತವಾಯಿತು. ಒಂದೇ ಇಸವಿಯಲ್ಲಿ ಸಾಗರದ ಗೇಣಿದಾರನು ಒತ್ತಾಯದ ದುಡಿಮೆಯನ್ನು ಒಲ್ಲೆನೆಂದುದೂ, ದೇಶದಲ್ಲಿ ದಾನದ ದುಡಿಮೆಯ ಮಾತು ಹೊರಟುದೂ ಆಕಸ್ಮಿಕವಿರಬಹುದು. ಆದರೂ ಒಂದರ ನೆಳಲಿಲ್ಲದೆ ಇನ್ನೊಂದರ ಅರ್ಥವು ಸ್ಪಷ್ಟವಾಗದು.

ಅರಸುತನವು ಅಳಿದ ಮೇಲಿನ ಕಥೆಯು ಚಿಕ್ಕದು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ವೀರಮ್ಮಾಜಿಯ ಆಳಿಕೆಯನ್ನು ಕೊನೆಗಾಣಿಸಿದನು. 1783ರಲ್ಲಿ ಇಂಗ್ಲೀಷರ ಸೈನ್ಯವು ಬಿದನೂರಿಗೆ ಬಂದಾಗ ಆನಂದಪುರದ ಕೋಟೆಯೂ ಮುತ್ತಿಗೆಗೆ ಒಳಗಾಯಿತು. ಬುಕಾನನನು ಬಂದಾಗ ಇಕ್ಕೇರಿಯು ಅಘೋರೇಶ್ವರನ ಗುಡಿಯನ್ನುಳಿದು ಹಾಳೂರಾಗಿತ್ತು; ದೆಲ್ಲಾ ವಾಲ್ಲೆಯು ಮೆಚ್ಚಿದ ಬೀದಿಯ ಮರಗಳಾಗಲಿ ಬಿದಿರ ಕೋಟೆಯಾಗಲಿ ಊರಿನೊಡನೆಯೇ ಹೋದುವು. ಇಲ್ಲಿ ಒಂದು ವೈಚಿತ್ರ್ಯವನ್ನು ಹೇಳದೆ ಮುಂದೆ ಹೋಗಲಾರೆ. ಬಿದನೂರನ್ನು ಕೆಡಹಿದ ಹೈದರನೇ ಅದಕ್ಕೆ ಮೂರು ವರ್ಷ ಮೊದಲು, 1760ರಲ್ಲಿ, ಬೆಂಗಳೂರಿನಲ್ಲಿ ಲಾಲ್‌ಬಾಗಿಗೆ ತೊಡಗಿದ್ದನು. ಆ ತೋಟವು ಅರಸರು ಬದಲಾದರೂ ಉಳಿದು ಬೆಳೆಯಿತು. ಕಾರಣವು ಹೈದರನ ಕೀರ್ತಿಯಲ್ಲ. ಅದನ್ನು ನೋಡಿಕೊಳ್ಳಲು ಒಂದು ಸರಕಾರದಿಂದ ಮತ್ತೊಂದು ಸರಕಾರಕ್ಕೆ ಸಂಬಳದ ಆಳುಗಳೂ ಮೇಲ್ವಿಚಾರಕರೂ ದಾಟಿಬಂದರು. 1908ರಿಂದ ಕ್ರುಂಬಿಗೆಲ್, ಅನಂತರ ಜವರಾಯ, ಮರಿಗೌಡ ಇಂಥವರು ದೊರೆತರು. 1912ರಲ್ಲಿ ಹುಟ್ಟಿದ ಮೈಸೂರು ತೋಟಗಾರಿಕೆಯ ಸಂಘದ ಮೂಲಕ ಊರಿನ ಹೂವಿನ ಹುಚ್ಚರೂ ಪುಷ್ಪಪ್ರದರ್ಶನಗಳಿಗೆ ಕೈಗೂಡಿಸಿದರು. ಆನಂದಪುರದ ಕೊಳಕ್ಕೆ ಇಲಾಖೆಯೂ ದೊರೆಯಲಿಲ್ಲ, ಸಂಘವೂ ದೊರೆಯಲಿಲ್ಲ.

ದೊರೆಯದೆ ಹೋದರೆ ಏನಾಗುವುದೆಂಬುದನ್ನು ಜಂಬಿಟ್ಟಿಗೆಯ ಕಟ್ಟಡವನ್ನು ಬಲ್ಲವರು ಊಹಿಸಬಲ್ಲರು. ನೆಲದಿಂದ ಅಗೆದು ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಆದರೆ ಮೈಯೆಲ್ಲ ತೂತು. ತೂತಿನಲ್ಲಿ ತೇವ ನಿಲ್ಲುವುದು. ತೇವದಲ್ಲಿ ಹಕ್ಕಿ ತಂದುಹಾಕಿದ ಅರಳಿಯ ಬೀಜವೋ ಆಲದ ಬೀಜವೋ ಮೊಳೆಯುವುದು. ಮೊದಲ ವರ್ಷ ಎರಡು ಬೆರಳಿನಿಂದ ಕೀಳಬಹುದಾದ ಸಸಿಯನ್ನು ಹತ್ತು ವರ್ಷದ ಮೇಲೆ ಕಿತ್ತರೆ ಮೆಟ್ಟಿಲೇ ಅದರ ಜೊತೆಗೆ ಬರುವುದು. ಮಳೆಯು ತಂದ ಮಣ್ಣು, ದಡದ ಮರಗಳು ಉದುರಿಸಿದ ಎಲೆ ಹೂವು ಎಲ್ಲವೂ ತಳಕ್ಕಿಳಿದು ಹೂಳಾಗುವುವು. ಹೂಮರವು ಕೊಳಕ್ಕೆ ಶೋಭೆಯೂ ಹೌದು, ಭಾರವೂ ಹೌದು. ಈ ಕೆಲಸಕ್ಕೆ ಮಲೆನಾಡಿನಲ್ಲಿ ಕಾಲವೂ ಒಂದೇ. ಮಳೆಗಾಲದಲ್ಲಿ ಇಳಿಯಲಾಗದು, ಅದು ಕಳೆದೊಡನೆ ಸುಗ್ಗಿ, ಅಡಕೆಯ ಕೊಯ್ಲು. ಶಿವರಾತ್ರಿಯಿಂದ ಮುಂಗಾರಿನವರೆಗೆ ನೀರು ಇಳಿದು, ನೆಲ ಒಣಗಿ, ಆಳಿಗೆ ಬಿಡುವು ಸಿಕ್ಕುವುದು. ಸಂಪಿಗೆಯು ಹೂಬಿಡುವುದೂ ಆಗಲೇ. ಹೂವಿನ ಕಾಲವೂ ಹೂಳಿನ ಕಾಲವೂ ಒಂದೇ ಆಗಿರುವ ಈ ಸಂಗತಿಯು ವಸಂತವರ್ಣನೆಗಳಲ್ಲಿ ಬರುವುದಿಲ್ಲ. ಹೂಳೆತ್ತಿದವರು ಕಾವ್ಯ ಬರೆದಿದ್ದರೆ ಬರುತ್ತಿತ್ತೋ ಏನೋ.

ಬಹುಕಾಲ ಹೂಳಿನಲ್ಲಿದ್ದ ಕೊಳಕ್ಕೆ 2021ರಲ್ಲಿ ಮತ್ತೆ ಕೈ ತಾಗಿತು. ಚಲನಚಿತ್ರನಟ ಯಶ್ ಅವರ ಯಶೋಮಾರ್ಗವೆಂಬ ಸಂಸ್ಥೆಯು ವೆಚ್ಚಕ್ಕೆ ಮುಂದಾಯಿತು. ಇದೇ ಸಂಸ್ಥೆಯು ಕೆಲವು ವರ್ಷ ಮೊದಲು ಕೊಪ್ಪಳ ಜಿಲ್ಲೆಯ ತಲ್ಲೂರಿನ ಕೆರೆಯ ಹೂಳನ್ನು ತೆಗೆಸಿತ್ತು. ಎರಡು ಕಡೆಯೂ ಕೆಲಸಕ್ಕೆ ದಾರಿ ತೋರಿದವರು ಶಿರಸಿ ಸೀಮೆಯ ಪರಿಸರ ಬರೆಹಗಾರರಾದ ಶಿವಾನಂದ ಕಳವೆಯವರು. ಹೂಳು ಹೊರಬಿದ್ದು ಮೆಟ್ಟಿಲುಗಳು ಕಾಣಿಸಿದುವು, ನೀರು ನಿಂತಿತು. ಹಣ ಕೊಟ್ಟವರನ್ನೂ ಮುಂದೆ ನಿಂತವರನ್ನೂ ಪತ್ರಿಕೆಗಳು ಹೆಸರಿಸಿ ಹೊಗಳಿದುವು, ಅದು ತಕ್ಕುದೇ. ಆದರೆ ವೆಂಕಟಪ್ಪನಾಯಕನ ಕಾಲದ ಕೊರತೆಯು ನಮ್ಮ ಕಾಲದಲ್ಲಿಯೂ ಹಾಗೆಯೇ ಮುಂದುವರಿಯುವ ಅಪಾಯವನ್ನು ಹೇಳಲೇಬೇಕಾಗಿದೆ. ಹೂಳೆತ್ತುವುದು ಒಂದು ವರ್ಷದ ಕೆಲಸ. ಸಸಿ ಕೀಳುವುದು ಪ್ರತಿವರ್ಷದ ಕೆಲಸ. ಮೊದಲನೆಯದಕ್ಕೆ ದಾನಿ ಸಿಕ್ಕುವನು. ಎರಡನೆಯದಕ್ಕೆ ಬೇಕಾದುದು ಮುಯ್ಯಾಳಿನಂಥ ಸರದಿ, ಮತ್ತು ಯಾವ ವರ್ಷ ಯಾರು ಏನು ಮಾಡಿದರೆಂಬುದನ್ನು ಬರೆದಿಡುವ ಒಂದು ಪುಸ್ತಕ. ದಡದಲ್ಲಿ ಸಂಪಿಗೆಯನ್ನು ನೆಡುವವರು ಯಾವ ತಿಂಗಳು ನೆಟ್ಟರು, ಎಷ್ಟು ಉಳಿಯಿತು, ಮೊದಲ ಹೂವು ಯಾವ ಯುಗಾದಿಗೆ ಬಂತು ಎಂಬುದನ್ನು ಆ ಪುಸ್ತಕದಲ್ಲಿ ಗುರುತು ಹಾಕಿದರೆ ಅಷ್ಟು ಸಾಕು.

ಹಿಂದಿನ ಕಾಲದ ಪುಸ್ತಕವನ್ನು ಹುಡುಕುವ ಕೆಲಸವೂ ಉಳಿದಿದೆ. ಈ ಸೀಮೆಯ ಮಠಗಳೂ ಹಳೆಯ ಮನೆತನಗಳೂ ಬಟ್ಟೆಗೆ ಇದ್ದಿಲು ಬಳಿದು ಬಳಪದಲ್ಲಿ ಬರೆದ ಕಡತಗಳನ್ನು ಇಟ್ಟುಕೊಂಡಿದ್ದುವು. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಗುಂಡಾ ಜೋಯಿಸರು ಕೂಡಿಹಾಕಿದ ಓಲೆ ಕಾಗದಗಳೂ ಇವೆ. ಇವನ್ನು ಓದುವವರು ಈವರೆಗೆ ಅರಸರ ಹೆಸರನ್ನೂ ಭೂಮಿಯ ಉತಾರವನ್ನೂ ಹುಡುಕಿದರು. ಇನ್ನು ಮುಂದೆ ಓದುವಾಗ ಹೂವಿನ ತೋಟ, ಹೂವಿನವರ ಉಂಬಳಿ, ಕೊಳದ ಆಳು, ಹೂಳಿನ ಬಂಡಿ ಎಂಬ ಮಾತುಗಳು ಕಣ್ಣಿಗೆ ಬಿದ್ದರೆ, ಬಾಬು ಎಷ್ಟೇ ಚಿಕ್ಕದಾಗಿರಲಿ, ವರಹವೋ ಹಣವೋ ಅಡ್ಡವೋ, ತೇದಿಯೊಡನೆ ಪ್ರತಿ ಮಾಡಿ ಈ ಪತ್ರಿಕೆಗೆ ಕಳುಹಿಸಬೇಕೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಉಪಾಧ್ಯಾಯ ಮಿತ್ರರನ್ನು ಕೇಳಿಕೊಳ್ಳುತ್ತೇನೆ.